ಕಂಬದ ಬುಡದ ಛತ್ರಿ

ಮೆಟ್ಟಿಲು ಹತ್ತುವಾಗ ಪೆನ್ಸಿಲಕ್ಕ ಅರ್ಧದಲ್ಲೇ ನಿಂತುಬಿಟ್ಟಳು. ಇದೇ ಮೆಟ್ಟಿಲನ್ನು ಎರಡೆರಡು ಹಾರಿ ಹತ್ತಿದ ಕಾಲವೂ ಇತ್ತು, ಯಾರೋ ನೋಡುತ್ತಾರೆಂದು ಬೆನ್ನು ನೆಟ್ಟಗೆ ಮಾಡಿಕೊಂಡು ಹತ್ತಿದ ಕಾಲವೂ ಇತ್ತು. ಈಗ ಒಂದೊಂದಕ್ಕೂ ಮಂಡಿಯ ಅಪ್ಪಣೆ ಬೇಕು. ಹಿಂದೆ ಬರುತ್ತಿದ್ದ ತಮ್ಮ, ಕಂಕುಳಲ್ಲಿದ್ದ ಪ್ಲಾಸ್ಟಿಕ್ ಟಬ್ಬನ್ನು ಗೋಡೆಗೆ ಆನಿಸಿ ತಾನೂ ನಿಂತ.

“ಹೋಲ್ಡಾನ್,” ಎಂದ.

ಬಸ್ ಕಂಡಕ್ಟರ್ ಕೆಲಸದಿಂದ ಅವನು ಇಳಿದು ಎಷ್ಟೋ ವರ್ಷವಾಗಿತ್ತು. ಬಸ್ಸು ಮಾತ್ರ ಅವನ ಬಾಯಿಂದ ಇಳಿದಿರಲಿಲ್ಲ.

“ಸುಮ್ನಿರೋ, ಉಸಿರು ತಗೋತಿದೀನಿ.”

“ತಗೋ, ನಿಧಾನಕ್ಕೆ ತಗೋ. ಹಳೇ ಗಾಡಿ, ಏರು ಬಂದ್ರೆ ಬಿಸಿಯಾಗೋದೇ.”

“ನೀನೇನು ಈಗ ತಾನೆ ಶೋರೂಮಿಂದ ಇಳಿದು ಬಂದ್ಯಾ?”

ಮೇಲೆ ಬಾಗಿಲಲ್ಲಿ ಸೊಸೆ ಕಾಯುತ್ತಿದ್ದಳು. ಸೊಸೆ ಎಂದರೆ ಪೆನ್ಸಿಲಕ್ಕನ ಸೊಸೆಯಲ್ಲ, ತೀರಿಹೋದ ಸ್ಟುಡಿಯೋ ಯಜಮಾನರ ಸೊಸೆ. ಅಂಗಡಿ ಖಾಲಿ ಮಾಡುವ ಕೆಲಸ ಅವಳ ತಲೆಗೆ ಬಿದ್ದಿತ್ತು. ಹಿಂದಿನ ದಿನ ಅವಳೇ ಫೋನ್ ಮಾಡಿದ್ದಳು: “ಅಕ್ಕಾ, ನಾಳೆ ಸಂಜೆ ಗುಜರಿಯವನು ಬರ್ತಾನೆ. ನೆಗೆಟಿವ್ ಡಬ್ಬಗಳನ್ನೆಲ್ಲ ಒಯ್ತಾನೆ. ನಿಮಗೆ ಏನಾದ್ರೂ ಬೇಕಿದ್ರೆ ಬೆಳಿಗ್ಗೆನೇ ಬಂದ್ಬಿಡಿ. ಆಮೇಲೆ ನನ್ನ ಬೈಕೋಬೇಡಿ.” ಪೆನ್ಸಿಲಕ್ಕ ‘ಏನೂ ಬೇಡಮ್ಮ’ ಎನ್ನುವವಳಿದ್ದಳು. ನಿಜವಾಗಿ ಅವಳಿಗೆ ಏನೂ ಬೇಕಿರಲಿಲ್ಲ. ಒಂದು ಕಣ್ಣಿನ ಪೊರೆ ತೆಗೆದಾಗಿತ್ತು, ಇನ್ನೊಂದು ಸರದಿಯಲ್ಲಿ ಕೂತಿತ್ತು. ಊರ ಮುಖಗಳನ್ನೆಲ್ಲ ತಿದ್ದಿ ತಿದ್ದಿ ಸಾಕಾಗಿತ್ತು. ಆದರೆ ಪಕ್ಕದಲ್ಲಿ ಪೇಪರು ಓದುತ್ತಿದ್ದವನಂತೆ ನಟಿಸುತ್ತಿದ್ದ ತಮ್ಮ, ಫೋನನ್ನು ಕಿತ್ತುಕೊಂಡು, “ಬರ್ತೀವಮ್ಮ, ಇಬ್ರೂ ಬರ್ತೀವಿ, ಒಂದು ಬಕೆಟ್ ನೀರು ಇರುತ್ತಲ್ವಾ ಅಲ್ಲಿ?” ಎಂದು ಕೇಳಿದ್ದ.

ನೀರು ಯಾಕೆ ಎಂಬುದು ತಿಳಿಯಬೇಕಾದರೆ ಆ ಬೀದಿಯ ಕಥೆ ತಿಳಿಯಬೇಕು.

ಪೇಟೆಯ ನಟ್ಟನಡುವಿನ ಬೀದಿ ಅದು. ಎರಡೂ ಕಡೆ ಎತ್ತರದ ಕಟ್ಟಡಗಳು ಮೈಗೆ ಮೈ ತಾಗಿಸಿಕೊಂಡು ನಿಂತಿದ್ದರಿಂದ ಬೆಳಗಿನ ಬಿಸಿಲು ನೆಲ ಮುಟ್ಟುವುದೇ ಕಷ್ಟ. ಸ್ಟುಡಿಯೋದ ಮುಂದೆ, ಗಡಿಯಾರ ಹೊತ್ತ ಕಬ್ಬಿಣದ ಕಂಬದ ಹತ್ತಿರ ಮಾತ್ರ, ಎರಡು ಕಟ್ಟಡಗಳ ಸಂದಿಯಿಂದ ಒಂದು ಚಾಪೆಯಷ್ಟು ಬಿಸಿಲು ಬೀಳುತ್ತಿತ್ತು. ಯಜಮಾನರು ಆ ಚಾಪೆಗೆ ಎದುರಾಗಿ ಕ್ಯಾಮೆರಾ ಹಿಡಿದು ನಿಲ್ಲುತ್ತಿದ್ದರು. ಕಚೇರಿಗೆ ಹೊರಟ ಗುಮಾಸ್ತರು, ಬಟ್ಟೆ ಕೊಳ್ಳಲು ಬಂದ ಹೊಸ ಜೋಡಿಗಳು, ಮಗುವನ್ನು ಡಾಕ್ಟರಿಗೆ ತೋರಿಸಲು ಎತ್ತಿಕೊಂಡು ಓಡುವ ತಾಯಂದಿರು, ಯಾರು ಆ ಬಿಸಿಲಿಗೆ ಕಾಲಿಟ್ಟರೂ ಕ್ಲಿಕ್. ತಕ್ಷಣ ಅವರ ಕೈಗೊಂದು ಚೀಟಿ: ನಾಳೆ ಬನ್ನಿ, ನಿಮ್ಮ ಪಟ ಸಿದ್ಧ. ಹೆಚ್ಚಿನವರು ಬರುತ್ತಲೂ ಇದ್ದರು. ತಾನು ನಡೆಯುವಾಗ ಹೇಗೆ ಕಾಣುತ್ತೇನೆ ಎಂದು ನೋಡುವ ಆಸೆ ಯಾರಿಗಿಲ್ಲ?

ಆದರೆ ಬಂದವರಿಗೆ ತಾವು ಬೇಕಿತ್ತು, ಬೀದಿ ಬೇಡವಾಗಿತ್ತು. “ನನ್ನ ಹೆಂಡ್ತಿ ಪಕ್ಕ ಬಾಯಿ ಕಳ್ಕೊಂಡು ನಿಂತಿರೋ ಇವನ್ಯಾರ್ರೀ? ತೆಗೀರಿ ಅವನ್ನ.” “ಈ ಕೈಗಾಡಿ ಬೇಡ.” “ಈ ನಾಯಿ ನಮ್ಮದಲ್ಲ.” ಆಗ ನೆಗೆಟಿವು ಮಹಡಿಯ ಕಿಟಕಿಯ ಪಕ್ಕದ ಮೇಜಿಗೆ ಬರುತ್ತಿತ್ತು. ಮೇಜಿನ ಹಿಂದೆ ಒಬ್ಬ ಹುಡುಗಿ. ಸಣ್ಣ ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿ, ಬೇಡವಾದವರ ಮೇಲೆಲ್ಲ ಬಳಿಯುವಳು. ಕೆಂಪು ಬಿದ್ದ ಕಡೆ ಬೆಳಕು ದಾಟುವುದಿಲ್ಲ, ಮುದ್ರಿಸಿದಾಗ ಆ ಜಾಗವೆಲ್ಲ ಬರೀ ಬಿಳಿ. ಗಿರಾಕಿಯೊಬ್ಬನೇ ಮೋಡದಲ್ಲಿ ನಡೆಯುತ್ತಿರುವ ಹಾಗೆ. ಆಮೇಲೆ ಸೂಜಿಯಷ್ಟು ಚೂಪಾದ ಪೆನ್ಸಿಲಿನಿಂದ ಅವನ ಕಣ್ಣ ಕೆಳಗಿನ ಕಪ್ಪು, ಹಣೆಯ ಗೆರೆ, ಕೆನ್ನೆಯ ಗುಳಿ ಎಲ್ಲ ಮಾಯ. ಅದರಿಂದಲೇ ಅವಳಿಗೆ ಆ ಹೆಸರು ಅಂಟಿದ್ದು. ಹುಡುಗಿಯಾಗಿದ್ದಾಗಲೂ ಪೆನ್ಸಿಲಕ್ಕ, ಈಗ ಮುದುಕಿಯಾದ ಮೇಲೂ ಪೆನ್ಸಿಲಕ್ಕ.

ಇನ್ನು ಅವಳ ಅಮ್ಮ. ಅಮ್ಮ ಕೂರುತ್ತಿದ್ದದ್ದು ಅದೇ ಕಂಬದ ಬುಡದಲ್ಲಿ. ಮುಂದೆ ಒಂದು ತಗಡಿನ ತಟ್ಟೆ, ಅದರಲ್ಲಿ ಬಾಚಣಿಗೆ, ಪಿನ್ನು, ಅಂಗಿಯ ಗುಂಡಿ. ಪಕ್ಕದಲ್ಲಿ ಒಂದು ಕರಿ ಛತ್ರಿ. ಬಿಸಿಲು ಬಿದ್ದರೆ ಗುಂಡಿಗಳು ಹೊಳೆಯುತ್ತವೆ, ಹೊಳೆದರೆ ಜನ ಬಗ್ಗುತ್ತಾರೆ. ಹೀಗೆ ಇಬ್ಬರ ಹೊಟ್ಟೆಪಾಡೂ ಒಂದೇ ಚಾಪೆ ಬಿಸಿಲಿನ ಮೇಲೆ. ಯಜಮಾನರು ಜಗಳ ಆಡಲಿಲ್ಲ, ಒಂದು ಒಪ್ಪಂದ ಮಾಡಿಕೊಂಡರು. ತಾವು ಬೆರಳಿನಿಂದ ಚಿಟಿಕೆ ಹೊಡೆದರೆ ಅಮ್ಮ ಛತ್ರಿ ಅಡ್ಡ ಹಿಡಿಯಬೇಕು, ಬೀದಿಯ ಮಧ್ಯೆ ಒಂದು ಕರಿ ಗುಪ್ಪೆಯಾಗಿ ಕೂರಬೇಕು. ಗುಪ್ಪೆಯ ಮೇಲೆ ಕೆಂಪು ಬಳಿಯುವುದು ಸುಲಭ. ಬದಲಿಗೆ ಅವಳ ಮಗಳಿಗೆ ಮಹಡಿಯ ಮೇಲೆ ಕೆಲಸ ಕಲಿಸುತ್ತಾರೆ. ಅಮ್ಮ, “ನನ್ನ ಮೂತಿ ಯಾರಿಗೆ ಬೇಕಾಗಿದೆ ಸ್ವಾಮಿ, ಮುಚ್ಕೊಂಡ್ರಾಯ್ತು,” ಎಂದಳಂತೆ.

ಹಾಗಾಗಿ ದಿನವೂ ಬೀದಿಯಲ್ಲಿ ಅಮ್ಮ ಮುಖ ಮುಚ್ಚಿಕೊಳ್ಳುವಳು, ಮಹಡಿಯಲ್ಲಿ ಮಗಳು ಅವಳನ್ನು ಅಳಿಸುವಳು. ಸಂಜೆ ಮನೆಗೆ ಹೋದಮೇಲೆ ಅದೇ ತಮಾಷೆ.

“ಇವತ್ತು ಎಷ್ಟು ಸಲ ಅಳಿಸಿದ್ಯೇ ನನ್ನ?”

“ತುಂಬಾ ಸಲ. ಕೈ ನೋವು ಬಂತು.”

“ಬಿಡು, ಅಷ್ಟು ಆಯಸ್ಸು ಹೆಚ್ಚುತ್ತೆ. ಸರಿಯಾಗಿ ಅಳಿಸು ಮಾರಾಯ್ತಿ, ಅರ್ಧ ಕಿವಿ ಬಿಟ್ಟುಬಿಟ್ಟೀಯ, ಗಿರಾಕಿ ಬೈತಾನೆ.”

ಆಯಸ್ಸು ಹೆಚ್ಚಲಿಲ್ಲ. ಒಂದು ಜ್ವರ ಬಂತು, ವಾರದೊಳಗೆ ಕರೆದುಕೊಂಡು ಹೋಯಿತು. ಆಗ ತಮ್ಮನಿಗೆ ಮುಂದಿನ ಹಾಲುಹಲ್ಲು ಬಿದ್ದಿತ್ತು, ಹೊಸ ಹಲ್ಲು ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಅಮ್ಮನ ಒಂದು ಪಟವೂ ಇರಲಿಲ್ಲ. ಯಜಮಾನರು ‘ಒಂದು ದಿನ ಕೂರಿಸಿ ತೆಗೆಯೋಣ’ ಎನ್ನುತ್ತಿದ್ದರು, ಅಮ್ಮ ‘ಒಳ್ಳೆ ಬಟ್ಟೆ ಹೊಲಿಸ್ಕೋತೀನಿ, ಆಮೇಲೆ’ ಎನ್ನುತ್ತಿದ್ದಳು. ಇಬ್ಬರೂ ದಿನಾ ಎದುರುಬದುರು ಇರುವವರು, ಅವಸರವೇನು? ತಮ್ಮ ದೊಡ್ಡವನಾದ ಮೇಲೆ ಹಂಗಿಸುತ್ತಿದ್ದ: “ಊರಿಗೆಲ್ಲ ಪಟ, ನಮ್ಮನೇಲಿ ಬರೀ ಮೊಳೆ.”

ಅವನಿಗೆ ಅಮ್ಮ ಎಂದರೆ ತಟ್ಟೆಯಲ್ಲಿ ಗುಂಡಿಗಳು ಉರುಳುವ ಸದ್ದು, ತಲೆಯ ಮೇಲೆ ಒಂದು ಕೈ, ಅಷ್ಟೆ. ಮುಖವಿಲ್ಲ. “ನಿನಗಾದ್ರೂ ನೆನಪಿದೆಯಲ್ಲ, ಪುಣ್ಯವಂತೆ,” ಎನ್ನುತ್ತಿದ್ದ. “ಇದೆ ಕಣೋ,” ಎನ್ನುತ್ತಿದ್ದಳು ಪೆನ್ಸಿಲಕ್ಕ. ಮೊದಮೊದಲು ಅದು ನಿಜವೇ ಆಗಿತ್ತು. ಆಮೇಲೆ ದಿನಕ್ಕಿಷ್ಟು ಮುಖಗಳು ಮೇಜಿನ ಮೇಲೆ ಬಂದು ಹೋದವು, ಒಂದರ ಮೇಲೊಂದು ಕೂತವು. ಈಗ ಕಣ್ಣು ಮುಚ್ಚಿದರೆ ಅವಳಿಗೆ ಕಾಣುತ್ತಿದ್ದದ್ದು ಕಿಟಕಿಯಿಂದ ಕೆಳಗೆ ಕಾಣುತ್ತಿದ್ದ ಛತ್ರಿಯ ನೆತ್ತಿ, ಅದರ ಒಂದು ತೇಪೆ. ಇದನ್ನು ತಮ್ಮನಿಗೆ ಹೇಳಿರಲಿಲ್ಲ. ಹೇಳಿ ಏನು ಮಾಡುವುದು? ಇಬ್ಬರಲ್ಲಿ ಒಬ್ಬರಿಗಾದರೂ ನೆನಪಿದೆಯಲ್ಲ ಎಂದು ಅವನು ನೆಮ್ಮದಿಯಾಗಿದ್ದ.

ಯಜಮಾನರು ಇರುವವರೆಗೆ ಆ ಡಬ್ಬಗಳನ್ನು ಮುಟ್ಟುವಂತಿರಲಿಲ್ಲ. ಗಿರಾಕಿ ಒಪ್ಪಿದ ನೆಗೆಟಿವು ಗಿರಾಕಿಯದು, ಅವನು ಸತ್ತರೂ ಅವನದೇ, ಎನ್ನುವ ಮನುಷ್ಯ. ಆಮೇಲೆ ಬೀಗ ಬಿತ್ತು. ಇವತ್ತಲ್ಲ ನಾಳೆ ಎಂದು ಇವಳೂ ಬಿಟ್ಟಳು. ಈಗ ಒಂದು ಹಗಲು ಉಳಿದಿತ್ತು.

“ಒಂದ್ಸಲನಾದ್ರೂ ಚಿಟಿಕೆ ಹೊಡೆಯೋದು ಮರ್ತಿರಲ್ವಾ ಆ ಮನುಷ್ಯ?” ತಮ್ಮ ದಾರಿಯುದ್ದಕ್ಕೂ ಇದನ್ನೇ ಹೇಳಿಕೊಂಡು ಬಂದಿದ್ದ. “ಒಂದೇ ಒಂದ್ಸಲ ಅಕ್ಕಾ. ಒಂದು ಸಾಕು. ಆ ಕೆಂಪು ನೀರಲ್ಲಿ ಹೋಗುತ್ತೆ ಅಂತ ನೀನೇ ತಾನೆ ಹೇಳಿದ್ದು?”

“ಆಗ ಹೋಗ್ತಿತ್ತು. ಇಷ್ಟು ವರ್ಷದ ಮೇಲೆ ಹೋಗುತ್ತೋ, ಕಚ್ಕೊಂಡು ಕೂತಿದೆಯೋ.”

ಅಟ್ಟದಿಂದ ತಗಡಿನ ಡಬ್ಬಗಳನ್ನು ತಮ್ಮ ಇಳಿಸಿದ, ಒಂದೊಂದಕ್ಕೂ ‘ಮುಂದೆ ನಡೀರಿ, ಮುಂದೆ ನಡೀರಿ’ ಎನ್ನುತ್ತ. ಧೂಳಿಗೆ ಮೂವರೂ ಸೀನಿದರು. ಒಳಗೆ ಕಾಗದದ ಲಕೋಟೆಗಳು, ಒಂದೊಂದರಲ್ಲಿ ಅಂಗೈಯಗಲದ ನೆಗೆಟಿವು. ಎಲ್ಲವನ್ನೂ ತೊಳೆಯುತ್ತ ಕೂತರೆ ವರ್ಷ ಹಿಡಿಯುತ್ತದೆ. ಪೆನ್ಸಿಲಕ್ಕ ಕಿಟಕಿಗೆ ಹಿಡಿದು ನೋಡಿ ಆರಿಸತೊಡಗಿದಳು. ಕಂಬ ಯಾವಾಗಲೂ ಎಡಗಡೆ. ಅದರ ಬುಡದಲ್ಲಿ, ಗಿರಾಕಿಯ ಮಂಡಿಯ ಎತ್ತರಕ್ಕೆ ಕೆಂಪು ಗುಪ್ಪೆಯಿದ್ದರೆ ಅದು ಅಮ್ಮ. ಅವಳ ಕೈಯ ಕೆಲಸ ಅವಳಿಗೆ ಗೊತ್ತಾಗುವುದಿಲ್ಲವೇ? ಮೊದಮೊದಲ ವರ್ಷಗಳ ಕೆಂಪು ಹಿಟ್ಟಿನ ಹಾಗೆ ದಪ್ಪ, ಅಂಚು ಸೊಟ್ಟ. ಆಮೇಲಾಮೇಲೆ ತೆಳ್ಳಗೆ, ಬ್ಲೇಡಿನಿಂದ ಕತ್ತರಿಸಿದ ಹಾಗೆ.

ಮೊದಲನೆಯದನ್ನು ಟಬ್ಬಿನ ನೀರಲ್ಲಿ ಬಿಟ್ಟಳು. ಏನೂ ಆಗಲಿಲ್ಲ. ತಮ್ಮ ಬಗ್ಗಿ ನೋಡಿದ, ಸೊಸೆಯೂ ಬಗ್ಗಿದಳು. ಹತ್ತಿಯನ್ನು ನೆನೆಸಿ ಪೆನ್ಸಿಲಕ್ಕ ಮೆಲ್ಲಗೆ ಸವರಿದಳು. ಒಂದು ಗಳಿಗೆಯ ಮೇಲೆ ನೀರಿಗೆ ಒಂದು ತೆಳು ಗುಲಾಬಿ ಎಳೆ ಬಿಟ್ಟುಕೊಂಡಿತು.

“ರೈಟ್!” ಎಂದ ತಮ್ಮ.

ತೊಳೆದದ್ದನ್ನು ಕಿಟಕಿಗೆ ಹಿಡಿದಳು. ನೆಗೆಟಿವಿನಲ್ಲಿ ಕರಿದು ಬಿಳಿ, ಬಿಳಿದು ಕರಿ. ಅಭ್ಯಾಸವಿಲ್ಲದವರಿಗೆ ದೆವ್ವಗಳ ಮೆರವಣಿಗೆ. ಪೆನ್ಸಿಲಕ್ಕನಿಗೆ ಅದು ಓದಲು ಬರುವ ಅಕ್ಷರ.

“ಏನ್ ಕಾಣ್ತಿದೆ? ಹೇಳೇ.”

“ಛತ್ರಿ.”

“ಛತ್ರಿ ಹಿಂದೆ?”

“ಛತ್ರಿ ಹಿಂದೆ ಏನಿದೆ ಅಂತ ಛತ್ರೀನ ಕೇಳು. ಮುಂದಿಂದು ಕೊಡು.”

ಮುಂದಿನದರಲ್ಲೂ ಛತ್ರಿ. ಅದರ ಮುಂದಿನದರಲ್ಲಿ ಛತ್ರಿ ಮತ್ತು ಒಂದು ಪಾದ. ಆಮೇಲೆ ಒಂದರಲ್ಲಿ ಅಮ್ಮನ ಕೈ, ತಟ್ಟೆಯನ್ನು ಯಾರೂ ತುಳಿಯದ ಹಾಗೆ ಹಿಂದಕ್ಕೆ ಎಳೆದುಕೊಳ್ಳುತ್ತಿರುವುದು. ತಮ್ಮ ಆ ಕೈಯನ್ನು ಬಹಳ ಹೊತ್ತು ನೋಡಿದ, ತಿರುಗಿಸಿ ನೋಡಿದ. “ಇದು ಗೊತ್ತು ನಂಗೆ,” ಎಂದು ಹಿಂದಕ್ಕೆ ಕೊಟ್ಟ.

ಅಮ್ಮ ಸಿಗಲಿಲ್ಲ, ಬೀದಿ ಸಿಗುತ್ತಾ ಹೋಯಿತು. ಕೆಂಪು ಬಿಟ್ಟಂತೆಲ್ಲ ಒಬ್ಬೊಬ್ಬರೇ ಎದ್ದು ಬಂದರು, ಇಷ್ಟು ವರ್ಷ ಯಾರೂ ಕೂಗಲಿಲ್ಲವಲ್ಲ ಎನ್ನುವ ಹಾಗೆ. ಬೀಗದ ಕೈ ಮಾಡುವ ಮುದುಕ, ಕುತ್ತಿಗೆಗೆ ಕೀಲಿಗಳ ಹಾರ. ಏಣಿಯ ಮೇಲೆ ನಿಂತು ಸಿನಿಮಾ ಬೋರ್ಡು ಬಳಿಯುವವನು. ವಾಚು ರಿಪೇರಿಯವನು ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಇನ್ನೊಂದರಲ್ಲಿ ಹುಡುಗಿಯರನ್ನು ನೋಡುತ್ತಿರುವುದು. ತಮ್ಮನಿಗೆ ನೆಗೆಟಿವ್ ಓದಲು ಬಾರದಿದ್ದರೂ ಆಕಾರದ ಮೇಲೆ ಗುರುತು ಹಿಡಿದ.

“ಇದು ಹಳೇ ಡಬಲ್ ಬಾಗಿಲಿನ ಬಸ್ಸು! ಹಿಂದೆ ಹತ್ತಿ ಮುಂದೆ ಇಳಿಯೋದು. ಇದರಲ್ಲೇ ಅಲ್ವೇನೇ ನಾನು ಮೊದಲ ಸಲ ಸೀಟಿ ಊದಿದ್ದು?”

“ಆಗ ನೀನು ಹುಟ್ಟಿ ಮೂರು ದಿನ.”

“ಅದೇ ಅಂತೀನಿ. ಹುಟ್ಟಾ ಕಂಡಕ್ಟರ್.”

ಸೊಸೆ ಟೀ ತಂದಳು, ಬನ್ನು ತಂದಳು. ತಂದವಳು ಹೋಗಲಿಲ್ಲ. ತೊಳೆದ ನೆಗೆಟಿವುಗಳನ್ನು ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಲು ಬಿಡುತ್ತ, ಒಂದರ ಮುಂದೆ ನಿಂತಳು. ಅಂಗಡಿಯ ಗಾಜಿನಲ್ಲಿ ಕ್ಯಾಮೆರಾ ಹಿಡಿದ ಒಬ್ಬ ತೆಳ್ಳಗಿನ ಮನುಷ್ಯನ ನೆರಳು ಬಿದ್ದಿತ್ತು.

“ಇವರು ಮಾವ ಅಲ್ವಾ? ಇಷ್ಟು ಸಣ್ಣ ಇದ್ರಾ?”

“ನಿಮ್ಮತ್ತೆ ಅಡುಗೆ ಕಲಿಯೋ ತನಕ,” ಎಂದಳು ಪೆನ್ಸಿಲಕ್ಕ.

ಮಧ್ಯಾಹ್ನ ಕಳೆಯಿತು. ಟಬ್ಬಿನ ನೀರನ್ನು ತಮ್ಮ ಮತ್ತೆ ಮತ್ತೆ ಬದಲಾಯಿಸಿದ. ಅವಳ ಬೆರಳ ತುದಿಗಳು ನೆನೆದು ಸುಕ್ಕಾದವು, ಸೊಂಟ ಹಲಗೆಯಾಯಿತು, ಆಪರೇಷನ್ನಾದ ಕಣ್ಣಿನಲ್ಲಿ ನೀರು ಬರತೊಡಗಿತು. ಎಡಗಡೆ ಕೆಂಪಿದ್ದ ಲಕೋಟೆಗಳ ಗುಡ್ಡೆ ಕರಗುತ್ತಾ ಬಂತು. ಎಲ್ಲದರಲ್ಲೂ ಛತ್ರಿ. ಅಮ್ಮ ಮಾತಿಗೆ ತಪ್ಪದ ಹೆಂಗಸು. ಯಜಮಾನರೂ ಚಿಟಿಕೆ ಮರೆಯುವ ಗಂಡಸಲ್ಲ.

“ಎಷ್ಟು ಶಿಸ್ತು ಅಂತೀನಿ,” ತಮ್ಮ ಗೊಣಗಿದ. “ಒಂದು ದಿನ ಸೋಮಾರಿತನ ಮಾಡಿದ್ರೆ ಏನ್ ಗಂಟು ಹೋಗ್ತಿತ್ತು ಇವರಪ್ಪಂದು?” ಸೊಸೆ ಪಕ್ಕದಲ್ಲೇ ಇದ್ದದ್ದು ನೆನಪಾಗಿ, “ನಿಮ್ಮ ಮಾವನ್ನಲ್ಲಮ್ಮ,” ಎಂದು ಸೇರಿಸಿದ.

“ನಮ್ಮ ಮಾವನ್ನೇ ಅನ್ನಿ, ಪರವಾಗಿಲ್ಲ.”

ಆಗ ಸಿಕ್ಕಿತು ಅದು. ಕರಿ ಕೋಟಿನ ಒಬ್ಬ ಎತ್ತರದ ಮನುಷ್ಯ, ಕಂಬಕ್ಕೆ ಅಂಟಿಕೊಂಡೇ ದಾಪುಗಾಲು ಹಾಕುತ್ತಿದ್ದಾನೆ. ಅಷ್ಟು ಅವಸರದವನನ್ನು ಹಿಡಿಯುವಾಗ ಯಜಮಾನರಿಗೆ ಚಿಟಿಕೆ ಹೊಡೆಯಲು ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ. ಕೆಂಪು ದಪ್ಪಗಿತ್ತು, ಅಂಚು ಸೊಟ್ಟ, ಅಂದರೆ ಅವಳು ಕಲಿಯುತ್ತಿದ್ದ ಕಾಲದ್ದು. ತೊಳೆದಳು. ತಟ್ಟೆ ಬಂತು. ತಟ್ಟೆಯ ಪಕ್ಕ ಛತ್ರಿ ಬಂತು, ಮಡಿಸಿದ ಛತ್ರಿ, ನೆಲದ ಮೇಲೆ ಮಲಗಿದ್ದು. ಮಡಿಲಲ್ಲಿ ಎರಡು ಕೈ, ಗುಂಡಿಗಳನ್ನು ಪೋಣಿಸುತ್ತಿವೆ. ತೋಳು. ಭುಜ. ಕತ್ತು. ಕತ್ತಿನ ಮೇಲೆ—

ಕತ್ತಿನ ಮೇಲೆ ಕರಿ ಕೋಟು.

ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಮೇಜಿನ ಖಾನೆಯಲ್ಲಿ ಹಳೆಯ ಭೂತಗನ್ನಡಿ ಇನ್ನೂ ಇತ್ತು, ಅದನ್ನಿಟ್ಟು ನೋಡಿದಳು. ಕೊನೆಗೆ ಉಗುರಿನ ತುದಿಯಿಂದ ಆ ಜಾಗವನ್ನು ಮೆಲ್ಲಗೆ ಮುಟ್ಟಿದಳು. ಸ್ವಲ್ಪ ತರಿತರಿ.

ಅವಳಿಗೆ ಗೊತ್ತಾಯಿತು. ಬಣ್ಣದ ಕೆಲಸವಲ್ಲ ಇದು, ಚಾಕುವಿನ ಕೆಲಸ. ಬೇಡದ ಮುಖ ಗಿರಾಕಿಯ ಬಟ್ಟೆಗೇ ತಾಗಿಕೊಂಡಿದ್ದರೆ ಅಲ್ಲಿ ಕೆಂಪು ಬಳಿಯುವಂತಿಲ್ಲ, ಕೋಟಿನಲ್ಲಿ ಬಿಳಿ ತೂತು ಬಿದ್ದ ಹಾಗಾಗುತ್ತದೆ. ಆಗ ಸಣ್ಣ ಚಾಕುವಿನಿಂದ ಆ ಮುಖವನ್ನು ಪದರಪದರವಾಗಿ ಹೆರೆಯಬೇಕು, ನೆಗೆಟಿವಿನಲ್ಲಿ ಅದು ಪಕ್ಕದ ಕೋಟಿನಷ್ಟೇ ತಿಳಿಯಾಗುವವರೆಗೆ. ಮುದ್ರಿಸಿದಾಗ ಮುಖವೂ ಕೋಟಾಗಿರುತ್ತದೆ. ಚಾಕು ಕೈಗೆ ಬಂದ ಹೊಸದರಲ್ಲಿ ಯಜಮಾನರು ಒಂದು ಪಟವನ್ನು ಬೆಳಕಿಗೆ ಹಿಡಿದು, “ಭೇಷ್, ಇಲ್ಲೊಬ್ಬರು ಕೂತಿದ್ರು ಅಂತ ದೇವರಿಗೂ ಗೊತ್ತಾಗಲ್ಲ,” ಎಂದದ್ದು ಅವಳಿಗೆ ನೆನಪಿತ್ತು. ಅವತ್ತು ಮನೆಗೆ ಓಡಿಹೋಗಿ ಅಮ್ಮನಿಗೆ ಹೇಳಿದ್ದೂ, ಅಮ್ಮ ಖುಷಿಯಿಂದ ತಟ್ಟೆಯಲ್ಲಿದ್ದ ಒಳ್ಳೆಯ ಬಾಚಣಿಗೆಯನ್ನೇ ಎತ್ತಿ ಕೊಟ್ಟದ್ದೂ ನೆನಪಿತ್ತು. ಹೊಗಳಿಕೆ ನೆನಪಿತ್ತು, ಬಾಚಣಿಗೆ ನೆನಪಿತ್ತು. ಹೆರೆದದ್ದು ಯಾರನ್ನು ಎಂಬುದು ನೆನಪಿರಲಿಲ್ಲ. ದಿನಾ ಅಳಿಸುವವಳಿಗೆ ಒಂದು ದಿನ ಬೇರೆಯಾಗಿ ಕಾಣುವುದು ಹೇಗೆ?

“ಸಿಕ್ತಾ?” ತಮ್ಮ ಕೇಳಿದ. ಅವಳ ಮುಖ ನೋಡಿ ದನಿ ಇಳಿಸಿದ. “ಏನಾಯ್ತೇ?”

ಅವಳು ಹೇಳಿದಳು. ಸುತ್ತಿ ಬಳಸದೆ, ಇದ್ದದ್ದನ್ನು ಇದ್ದ ಹಾಗೆ. ಮಡಿಸಿದ ಛತ್ರಿ, ಕತ್ತಿನವರೆಗೆ ಅಮ್ಮ, ಅಲ್ಲಿಂದ ಮೇಲೆ ಚಾಕು.

ತಮ್ಮ ನೆಗೆಟಿವನ್ನು ತಗೊಂಡು ಕಿಟಕಿಗೆ ಹಿಡಿದ. ಅವನಿಗೆ ಏನು ಕಂಡಿತೋ. ಬೀದಿಯಿಂದ ಹಾರನ್ನು, ಯಾರದೋ ಬೈಗುಳ ಮೇಲೆ ಬಂತು. ಸೊಸೆ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

“ವಾಪಸ್ ಬರಿ,” ಎಂದ ಅವನು.

“ಏನು?”

“ಪೆನ್ಸಿಲ್ ಇಟ್ರೆ ಆ ಜಾಗ ಬಿಳಿ ಬರುತ್ತೆ ಅಂತ ನೀನೇ ಹೇಳ್ತೀಯ. ಊರೋರ ಮುಖ ಎಲ್ಲ ಬರ್ದಿದೀಯ. ಇದನ್ನೂ ಬರಿ. ನಿನಗೆ ನೆನಪಿದೆಯಲ್ಲ.”

ಪೆನ್ಸಿಲಕ್ಕ ಮೇಜಿಗೆ ಕೂತಳು. ನೆಗೆಟಿವ್ ಇಡುವ ಓರೆಯಾದ ಗಾಜು, ಅದಕ್ಕೆ ಬೆಳಕು ಕೊಡುವ ಕೆಳಗಿನ ಕನ್ನಡಿ ಎಲ್ಲ ಹಾಗೇ ಇದ್ದವು. ಖಾನೆಯಲ್ಲಿ ಮೋಟು ಪೆನ್ಸಿಲೊಂದಿತ್ತು. ಉಪ್ಪುಕಾಗದದ ಮೇಲೆ ಉಜ್ಜಿ ಚೂಪು ಮಾಡಿದಳು. ಅಷ್ಟು ಕೈಗೆ ಬರುತ್ತಿತ್ತು. ನೆಗೆಟಿವನ್ನು ಗಾಜಿನ ಮೇಲಿಟ್ಟು, ಭೂತಗನ್ನಡಿಯ ಕೆಳಗೆ ಪೆನ್ಸಿಲ್ ಹಿಡಿದಳು. ಹಿಡಿದೇ ಇದ್ದಳು. ಮುಖಗಳು ಬಂದವು, ಬೇಕಾದಷ್ಟು. ಗುಮಾಸ್ತರ ಹೆಂಡಂದಿರು, ನರ್ಸಮ್ಮಗಳು, ಮದುವೆ ಮುರಿದ ಹುಡುಗಿಯರು. ಎಲ್ಲರೂ ಮುಂದೆ ನಿಂತು, ನನ್ನದು, ನನ್ನದು ಎಂದರು. ಬೇಕಾದವಳು ಹಿಂದೆ ಛತ್ರಿ ಅಡ್ಡ ಹಿಡಿದು ಕೂತಿದ್ದಳು.

ಪೆನ್ಸಿಲ್ ಕೆಳಗಿಟ್ಟಳು.

“ನಂಗೆ ನೆನಪಿಲ್ಲ ಕಣೋ.”

“ಏನ್ ನೆನಪಿಲ್ಲ?”

“ಅಮ್ಮನ ಮುಖ. ಯಾವತ್ತೋ ಹೋಯ್ತು. ನೀನು ಬೇಜಾರು ಮಾಡ್ಕೋತೀಯ ಅಂತ ಇದೆ ಇದೆ ಅಂತಿದ್ದೆ.”

ತಮ್ಮ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತ ನಿಂತ. ಕೆಳಗೆ ಗಡಿಯಾರದ ಕಂಬ ಇರಲಿಲ್ಲ, ಎಂದೋ ಕಿತ್ತಿದ್ದರು. ಬಿಸಿಲು ಮಾತ್ರ ಎದುರಿನ ಗಾಜಿನ ಕಟ್ಟಡಕ್ಕೆ ಬಡಿದು, ತಿರುಗಿ ಮಹಡಿಗೆ ಬಂದು, ಅವನ ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಯಜಮಾನರು ಇದ್ದಿದ್ದರೆ ಈ ಬೆಳಕನ್ನು ಬಿಡುತ್ತಿರಲಿಲ್ಲ ಎಂದುಕೊಂಡಳು ಪೆನ್ಸಿಲಕ್ಕ. ಬೇಕೆಂದು ನೋಡಿದ್ದಲ್ಲ. ದಣಿದ ಕಣ್ಣು ಎಲ್ಲೋ ಒಂದು ಕಡೆ ಕೂರಬೇಕಲ್ಲ, ಅಲ್ಲಿ ಕೂತಿತು. ಕೂತದ್ದು ಅಭ್ಯಾಸಬಲದಿಂದ ತನ್ನ ಕೆಲಸ ಶುರುಮಾಡಿತು. ಕಣ್ಣ ಕೆಳಗಿನ ಚೀಲ ತೆಗೆಯಿತು. ಹಣೆಯ ಗೆರೆಗಳನ್ನು ಒರೆಸಿತು. ಜೋತ ಕೆನ್ನೆಯನ್ನು ಎತ್ತಿ ಕಟ್ಟಿತು. ಕಿವಿಯ ಹತ್ತಿರ, ದವಡೆಯ ತಿರುವಿನ ಹತ್ತಿರ, ಅವಳ ಕಣ್ಣು ತಡೆದು ನಿಂತಿತು.

ಕಂಬದ ಪಕ್ಕದಲ್ಲಿ ಕೂರುತ್ತಿದ್ದ ಬೀಗದ ಮುದುಕ ಹೇಳುತ್ತಿದ್ದ, ಈ ಪೋರ ಅಮ್ಮನನ್ನೇ ಎರಕ ಹೊಯ್ದ ಹಾಗಿದ್ದಾನೆ ಎಂದು. ಎಷ್ಟು ಸಲ ಹೇಳುತ್ತಿದ್ದ. ಕೆಲಸಕ್ಕೆ ಸೇರಿದ ಮೇಲೆ, ಮೀಸೆಯಿಲ್ಲದ ಕಂಡಕ್ಟರಿಗೆ ಯಾರೂ ಹೆದರುವುದಿಲ್ಲವೆಂದು ತಮ್ಮ ಪೊರಕೆಯಂಥ ಮೀಸೆ ಬಿಟ್ಟ. ಅಂದಿನಿಂದ ಆ ಮಾತು ನಿಂತುಹೋಯಿತು. ಪೆನ್ಸಿಲಕ್ಕನೂ ಮರೆತಳು.

“ಅಲ್ಲಾಡಬೇಡ,” ಎಂದಳು.

“ಏನು?”

“ಅಲ್ಲಾಡಬೇಡ ಅಂದ್ನಲ್ಲ. ಸ್ವಲ್ಪ ಈ ಕಡೆ ತಿರುಗು. ಗದ್ದ ಇಳಿಸು. ಮೀಸೆ ಮೇಲೆ ಕೈ ಅಡ್ಡ ಇಟ್ಕೋ.”

“ತಲೆ ಕೆಟ್ಟಿದೆಯೇನೇ?”

“ಇಟ್ಕೊಳ್ಳೋ ಮಾರಾಯ.”

ಇಟ್ಟುಕೊಂಡ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದಳು. “ನಡಿ,” ಎಂದಳು.

“ಎಲ್ಲಿಗೆ?”

“ಎದುರುಗಡೆ ಕ್ಷೌರದಂಗಡಿ ಇದೆಯಲ್ಲ, ಅಲ್ಲಿಗೆ.”

ಅವನು ಅವಳನ್ನು ನೋಡಿದ, ತನ್ನ ಮೀಸೆಯನ್ನು ಮುಟ್ಟಿ ನೋಡಿಕೊಂಡ, ತಿಳಿಯಿತು. ವಾದ ಮಾಡಲಿಲ್ಲ. “ಬೆಳೆಯುತ್ತೆ ಬಿಡು ಮತ್ತೆ,” ಎಂದಷ್ಟೇ ಹೇಳಿ ಟಬ್ಬಿನ ನೀರು ಚೆಲ್ಲಲು ಹೋದ. ಗುಲಾಬಿ ನೀರು ಮೋರಿಯಲ್ಲಿ ಸುತ್ತಿ ಸುತ್ತಿ ಇಳಿಯಿತು.

ಅವರು ಮೆಟ್ಟಿಲಿಳಿಯುವಾಗ ಗುಜರಿಯವನು ಹತ್ತುತ್ತಿದ್ದ. ದಾರಿ ಬಿಟ್ಟರು. ಹಗ್ಗದ ಮೇಲಿನವನ್ನು ಕೊಡುವುದಿಲ್ಲ, ಡಬ್ಬ ಮಾತ್ರ ಒಯ್ಯಿ, ಎಂದು ಸೊಸೆ ಮೇಲಿನಿಂದ ಅವನಿಗೆ ಹೇಳುವುದು ಕೇಳಿಸಿತು. ಉಳಿದ ಡಬ್ಬಗಳ ಬಗ್ಗೆ ಪೆನ್ಸಿಲಕ್ಕ ಏನೂ ಹೇಳಲಿಲ್ಲ. ಅವುಗಳಲ್ಲೂ ಕೆಂಪಿನ ಕೆಳಗೆ ಯಾರ ಯಾರ ಅಮ್ಮಂದಿರೋ, ನಾಯಿಗಳೋ ಕಾಯುತ್ತಿದ್ದವು. ಎಲ್ಲರನ್ನೂ ತೊಳೆಯಲು ಅವಳ ಕೈಯಲ್ಲಿ ಆಗುವಂತಿರಲಿಲ್ಲ.

ಕ್ಷೌರದಂಗಡಿಯವನು ತಮ್ಮನ ಕತ್ತಿಗೆ ಬಿಳಿ ಬಟ್ಟೆ ಕಟ್ಟಿ, “ಟ್ರಿಮ್ಮಾ?” ಎಂದ.

“ಪೂರ್ತಿ.”

“ಪೂರ್ತಿನಾ? ಯಾಕ್ ಸಾರ್, ಮನೇಲಿ ಏನಾದ್ರೂ…”

“ಮನೇಲಿ ಏನೂ ಆಗಿಲ್ಲಪ್ಪ. ಮನೆಯವರನ್ನ ಕರೀತಾ ಇದೀವಿ. ನೀನು ಹೊಡಿ.”

ಪೆನ್ಸಿಲಕ್ಕ ಹಿಂದಿನ ಬೆಂಚಿನಲ್ಲಿ ಕೂತಳು. ಕನ್ನಡಿಯಲ್ಲಿ ನೊರೆ, ಕತ್ತಿ, ಕೈ. ನೊರೆ ಒರೆಸಿದ ಮೇಲೆ ಮೀಸೆ ಇದ್ದ ಜಾಗ ಬಿಸಿಲನ್ನೇ ಕಾಣದ ಚರ್ಮ, ಎಳೆ ಮಗುವಿನದರ ಹಾಗೆ ಬೆಳ್ಳಗೆ. ಅದರ ಕೆಳಗೆ ತುಟಿ. ಮೇಲ್ದುಟಿಯ ಎಡತುದಿ ಒಂದಿಷ್ಟೇ ಮೇಲಕ್ಕೆ ಎತ್ತಿತ್ತು, ನಗು ಬರುವ ಮುಂಚೆಯೇ ನಗುವಿಗೆ ಜಾಗ ಮಾಡಿಟ್ಟ ಹಾಗೆ. ಇವತ್ತು ಎಷ್ಟು ಸಲ ಅಳಿಸಿದ್ಯೇ ಎಂದು ಕೇಳುವಾಗ ಅದು ಹಾಗೇ ಇರುತ್ತಿತ್ತು. ಅದೇ ತುಟಿ. ಇದರಲ್ಲಿ ಅವಳಿಗೆ ಅನುಮಾನ ಬರಲಿಲ್ಲ. ಉಳಿದದ್ದನ್ನೆಲ್ಲ ಕಣ್ಣು ತಾನೇ ತಿದ್ದಿಕೊಂಡಿತು, ಒಂದೊಂದೇ ಗೆರೆ ತೆಗೆಯುತ್ತ, ಅವಸರವಿಲ್ಲದೆ.

“ಬಂದಳಾ?” ಕನ್ನಡಿಯೊಳಗಿನಿಂದ ತಮ್ಮ ಕೇಳಿದ.

“ಬಾಯಿ ಮುಚ್ಚು, ಬರ್ತಾಳೆ. ಅಮ್ಮ ನಿನ್ನಷ್ಟು ವಟವಟ ಅಂತಿರಲಿಲ್ಲ.”

ಅವನು ಬಾಯಿ ಮುಚ್ಚಿದ. ಕನ್ನಡಿಗೆ ಹತ್ತಿರ ಬಗ್ಗಿದ. ತನ್ನ ಮುಖದ ಮೇಲೆ ಕೈಯಾಡಿಸಿಕೊಂಡು, ತುಟಿಯ ಹತ್ತಿರ ಬಂದಾಗ ಬೆರಳು ನಿಲ್ಲಿಸಿ ಹಾಗೇ ನೋಡುತ್ತ ಕೂತ. ಕ್ಷೌರದವನಿಗೆ ಮುಂದಿನ ಗಿರಾಕಿ ಕಾಯುತ್ತಿದ್ದ. ಕತ್ತಿನ ಬಟ್ಟೆ ಬಿಚ್ಚಲು ಕೈ ಹಾಕಿದ.

“ಹೋಲ್ಡಾನ್,” ಎಂದ ತಮ್ಮ, ಮೆಲ್ಲಗೆ.

ಕ್ಷೌರದವನು ಹಿಂದೆ ತಿರುಗಿ ಪೆನ್ಸಿಲಕ್ಕನನ್ನು ನೋಡಿದ. ಅವಳು ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದ್ದಳು.

“ಅವನು ನೋಡ್ಕೊಳ್ಲಿ ಬಿಡಪ್ಪ,” ಎಂದಳು. “ನಂಗೂ ಸ್ವಲ್ಪ ಕೂತ್ಕೋಬೇಕು.”